ಸೊಣ್ಣಮ್ಮ ಏರಿದ ನಾಲ್ಕು ಬೆಟ್ಟ

ಗೋಡೆಯಾಚೆಯ ಮಗ್ಗಗಳು ನಿಂತ ದಿನದಿಂದ ಸೊಣ್ಣಮ್ಮನಿಗೆ ಕಣ್ತುಂಬ ನಿದ್ದೆ ಬಂದಿರಲಿಲ್ಲ.

ದೊಡ್ಡಬಳ್ಳಾಪುರದ ಆ ಓಣಿಗೆ ಅವಳು ಮದುವೆಯಾಗಿ ಬಂದಾಗ ಮನೆಯ ಗೋಡೆಗೆ ಗೋಡೆ ತಾಗಿಸಿಕೊಂಡೇ ಆದಿನಾರಾಯಣಪ್ಪನ ಪವರ್‌ಲೂಮ್ ಶೆಡ್ಡಿತ್ತು. ಹಗಲೂ ರಾತ್ರಿ ಟಕಟಕ ಟಕಟಕ. ಮೊದಲ ವಾರ ಕಿವಿಗೆ ಹತ್ತಿ ತುರುಕಿಕೊಂಡು ಅತ್ತಳು. ಆಮೇಲೆ ಅದೇ ಶೆಡ್ಡಿಗೆ ನೂಲು ಸುತ್ತುವ ಕೆಲಸಕ್ಕೆ ಸೇರಿಕೊಂಡಳು. ಮಗಳು ರಂಜಿತಳನ್ನು ಆ ಸದ್ದಿನಲ್ಲೇ ತೂಗಿದಳು, ಆ ಸದ್ದಿಗಿಂತ ಒಂದು ಗೇಣು ಮೇಲೆ ದನಿ ಎತ್ತಿ ಮಾತಾಡುವುದನ್ನು ಕಲಿತಳು. ಈ ಸಲ ದೀಪಾವಳಿ ಮುಗಿಯುತ್ತಿದ್ದಂತೆ ಆದಿನಾರಾಯಣಪ್ಪ ಮಗ್ಗಗಳನ್ನೆಲ್ಲ ಬಿಚ್ಚಿಸಿ, ಲಾರಿಗೆ ಹೇರಿ, ಊರಾಚೆಯ ಹೊಸ ಕಟ್ಟಡಕ್ಕೆ ಸಾಗಿಸಿಬಿಟ್ಟ. ಅಕ್ಕಪಕ್ಕದವರು "ಅಬ್ಬಾ, ಪುಣ್ಯ ಬಂತು" ಅಂದರು. ಹಿತ್ತಿಲ ನುಗ್ಗೆಮರದಲ್ಲಿ ಹಕ್ಕಿಗಳಿವೆ ಎಂಬುದು ಓಣಿಗೆ ಆಗಲೇ ಗೊತ್ತಾದದ್ದು. ಸೊಣ್ಣಮ್ಮನ ಕಿವಿಯೊಳಗೆ ಮಾತ್ರ ಮಗ್ಗ ನಿಲ್ಲಲಿಲ್ಲ. ಮಲಗಿದರೆ ಟಕಟಕ, ಎದ್ದರೆ ಟಕಟಕ. ಕಿವಿಯ ಡಾಕ್ಟರು ಬೆಳಕು ಬಿಟ್ಟು ನೋಡಿ, "ಏನೂ ತೊಂದರೆ ಇಲ್ಲಮ್ಮ, ನಿಧಾನಕ್ಕೆ ಹೋಗುತ್ತೆ" ಎಂದು ಕಳಿಸಿದರು.

ಅದೇ ಹೊತ್ತಿಗೆ ಅವಳ ಗಂಡ ವೆಂಕಟರಾಮಪ್ಪನಿಗೆ ಬೆಟ್ಟದ ಹುಚ್ಚು ಹಿಡಿದಿತ್ತು. ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವನು ಬೇಸಿಗೆಯಲ್ಲಿ ನಿವೃತ್ತನಾಗಿದ್ದ. ಸರ್ವೀಸಿನ ಬಹುಪಾಲು ದಾಬಸ್‌ಪೇಟೆ ರಸ್ತೆಯಲ್ಲೇ ಕಳೆದದ್ದು. ಹೋಗುವಾಗ ಗಾಜಿನಾಚೆ ಹುಲುಕುಡಿ ಬೆಟ್ಟ, ಮುಂದೆ ದೂರದಲ್ಲಿ ಶಿವಗಂಗೆ. ಬರುವಾಗ ಎದುರಿಗೆ ಮಾಕಳಿದುರ್ಗ, ಅದರಾಚೆ ನಂದಿಯ ಸಾಲಿನಲ್ಲಿ ಚನ್ನಗಿರಿ.

"ಅಷ್ಟು ವರ್ಷ ಅವನ್ನ ನೋಡ್ಕೊಂಡೇ ಗಾಡಿ ಓಡಿಸ್ದೆ. ಒಂದಿನಾನೂ ಇಳಿದು ಮುಟ್ಟಿಲ್ಲ ಕಣೇ," ಎನ್ನುತ್ತಿದ್ದ.

ಅಳಿಯ ಅಮರ್‌ಗೆ ರಜೆ ಬಂದರೆ ಬೆಟ್ಟ ಹತ್ತುವ ಚಾಳಿ. ಮಾವನ ಆಸೆ ಕೇಳಿ ಅವನು ತನ್ನ ದೊಡ್ಡ ಬೆನ್ನುಚೀಲ, ಹಳದಿ ಬಣ್ಣದ ಪುಟ್ಟ ಟೆಂಟು, ಎರಡು ಊರುಗೋಲು ತಂದು ಹಜಾರದಲ್ಲಿ ಇಟ್ಟ.

"ಒಂದೊಂದಾಗಿ ಹೋಗ್ಬೇಡಿ ಮಾವ. ಶಿವಗಂಗೆಯಿಂದ ಶುರು ಮಾಡಿ, ನಡ್ಕೊಂಡೇ ಹುಲುಕುಡಿ, ಅಲ್ಲಿಂದ ಮಾಕಳಿ, ಆಮೇಲೆ ಚನ್ನಗಿರಿ. ನಡುವೆ ಊರುಗಳು ಸಿಗ್ತಾವೆ, ಗುಡಿ ಜಗಲಿ ಸಿಗ್ತಾವೆ. ನಿಧಾನಕ್ಕೆ ಹೋದ್ರೆ ವಾರದೊಳಗೆ ಮುಗಿಯುತ್ತೆ. ಜೊತೆಗೆ ಯಾರಾದ್ರೂ ಇರ್ಬೇಕು ಅಷ್ಟೇ."

"ಯಾರು ಬರ್ತಾರೋ ನನ್ ಜೊತೆ?" ಎಂದು ವೆಂಕಟರಾಮಪ್ಪ ನಕ್ಕ.

"ನಾನ್ ಬರ್ತೀನಿ."

ದನಿ ಅಡುಗೆಮನೆಯ ಬಾಗಿಲಿಂದ ಬಂದಿತ್ತು. ಎಲ್ಲರೂ ತಿರುಗಿ ನೋಡಿದರು. ಹೇಳಿದವಳಿಗೇ ತಾನು ಹೇಳಿದ್ದು ನಂಬಿಕೆಯಾಗದೆ ಸೊಣ್ಣಮ್ಮ ಸೌಟು ಹಿಡಿದು ನಿಂತಿದ್ದಳು. ಬೆಟ್ಟದ ಮೇಲಿನ ಪ್ರೀತಿಯಿಂದ ಹೇಳಿದ ಮಾತಲ್ಲ ಅದು. ಸದ್ದಿಲ್ಲದ ಆ ಮನೆಯಲ್ಲಿ, ಸದ್ದು ತುಂಬಿದ ತನ್ನ ತಲೆಯ ಜೊತೆ ಒಬ್ಬಳೇ ಇರುವುದನ್ನು ನೆನೆಸಿಕೊಂಡು ಎದೆ ಝಲ್ಲೆಂದಿತ್ತು.

ರಂಜಿತ ಅಮ್ಮನಿಗೆ ತನ್ನ ಕ್ಯಾನ್ವಾಸ್ ಶೂ ಕೊಟ್ಟಳು, ಸೀರೆಯೊಳಗೆ ತೊಡಲು ಒಂದು ಟ್ರ್ಯಾಕ್ ಪ್ಯಾಂಟು ಕೊಟ್ಟಳು. ಹುರಿಹಿಟ್ಟು, ಬೆಲ್ಲ, ಕಡಲೆಬೀಜ, ಚಟ್ನಿಪುಡಿ ಚೀಲ ಸೇರಿದವು. ಮಾರ್ಗಶಿರದ ಒಂದು ಬೆಳಗ್ಗೆ ಗಂಡ ಹೆಂಡತಿ ಬೆನ್ನಿಗೆ ಮೂಟೆ ಕಟ್ಟಿಕೊಂಡು ದಾಬಸ್‌ಪೇಟೆ ಬಸ್ಸು ಹತ್ತಿದಾಗ ಕಂಡಕ್ಟರು, "ಏನಣ್ಣೋ, ಹಿಮಾಲಯಕ್ಕಾ?" ಎಂದು ಕೇಳಿದ.

ಶಿವಗಂಗೆಯಲ್ಲಿ ಮೆಟ್ಟಿಲುಗಳಿದ್ದವು, ಜನರಿದ್ದರು, ಮಂಗಗಳಿದ್ದವು. ಬೆಟ್ಟವೆಂದರೆ ಏನೋ ಎಂದು ಹೆದರಿದ್ದ ಸೊಣ್ಣಮ್ಮನಿಗೆ ಅದು ಊರಿನ ಸಂತೆಯನ್ನೇ ಯಾರೋ ನೆಟ್ಟಗೆ ನಿಲ್ಲಿಸಿದಂತೆ ಕಂಡಿತು. ವೆಂಕಟರಾಮಪ್ಪ ಮೊದಲು ಜೋರಾಗಿ ಹತ್ತಿದ, ಆಮೇಲೆ ಕಂಬಿ ಹಿಡಿದು ಹತ್ತಿದ, ಕೊನೆಗೆ ಕೂತು ಕೂತು ಹತ್ತಿದ. ಸೊಣ್ಣಮ್ಮ ಒಂದೇ ಸಮನೆ, ರಾಟೆ ತಿರುಗಿಸುವ ಹದದಲ್ಲಿ ಹೆಜ್ಜೆ ಹಾಕಿದಳು. ದಣಿವಾಗಲಿಲ್ಲ. ಅವಳಿಗೇ ಆಶ್ಚರ್ಯ.

ನೆತ್ತಿಯ ಬಸವನ ಬಳಿ ಗಾಳಿ ಸೆರಗನ್ನು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ವೆಂಕಟರಾಮಪ್ಪ ಕೆಳಗೆ ಕೈ ತೋರಿಸಿದ. ಹೊಲಗಳ ನಡುವೆ ಬೂದುಬಣ್ಣದ ಒಂದು ಗೆರೆ, ಅದರ ಮೇಲೆ ಹರಿಯುವ ಇರುವೆಯಷ್ಟು ದೊಡ್ಡ ಬಸ್ಸು.

"ಅಲ್ಲಿ ನೋಡು, ನನ್ನ ರೋಡು. ಎಷ್ಟ್ ಸಣ್ಣದಾಗಿದೆ ನೋಡೇ!"

"ಎಲ್ಲಾ ಸಣ್ಣದೇ. ಆ ಕಡೆ ಏನದು?"

"ಅದೇ ಹುಲುಕುಡಿ. ನಾಳೆ ನಾಡಿದ್ದು ನಾವು ಹೋಗೋದು."

ಬಯಲಿನ ಕೊನೆಯಲ್ಲಿ ಒಂದು ನೀಲಿ ಗುಪ್ಪೆ ತೇಲುತ್ತಿತ್ತು. ಅದರ ಬುಡ ಮಂಜಿನಲ್ಲಿ ಕರಗಿಹೋಗಿದ್ದರಿಂದ ಅದು ನೆಲಕ್ಕೆ ಸೇರಿದ್ದೋ ಆಕಾಶಕ್ಕೆ ಸೇರಿದ್ದೋ ತಿಳಿಯುತ್ತಿರಲಿಲ್ಲ. ಅಲ್ಲಿಯವರೆಗೆ ತನ್ನ ಕಾಲಲ್ಲಿ ನಡೆದು ಹೋಗುವುದೆಂದರೆ ಯಾರದೋ ಕನಸಿನೊಳಗೆ ನಡೆದು ಹೋದ ಹಾಗೆ ಎನ್ನಿಸಿತು ಅವಳಿಗೆ.

ಮಾರನೆಯ ದಿನ ನಡಿಗೆ ಶುರುವಾಯಿತು. ದೊಡ್ಡ ರಸ್ತೆ ಬಿಟ್ಟು ಬಂಡಿದಾರಿ ಹಿಡಿದರು. ರಾಗಿ ಕೊಯ್ಲಾಗಿತ್ತು. ಕಟ್ಟಿದ ಹೊರೆಗಳು ಹೊಲದ ತುಂಬ ತಲೆಗೆ ತಲೆ ಆನಿಸಿಕೊಂಡು ಪಿಸುಮಾತಾಡುವ ಹೆಂಗಸರ ಹಾಗೆ ನಿಂತಿದ್ದವು. ಬದುಗಳ ಮೇಲೆ ಅವರೆ ಬಳ್ಳಿ ಹೂ ಬಿಟ್ಟು, ಕಾಯಿ ಬಿಟ್ಟು, ಇಬ್ಬನಿಗೆ ಸೊಗಡು ಕಾರುತ್ತಿತ್ತು. ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ಸೊಣ್ಣಮ್ಮನಿಗೆ ತವರಿನ ನಂದಗುಡಿ ಕಡೆಯ ಚಳಿಗಾಲಗಳು ಒಂದರ ಹಿಂದೊಂದು ನೆನಪಾಗುತ್ತಿದ್ದವು. ಯಾವ ವರ್ಷದ್ದು ಯಾವುದು ಎಂದು ಬಿಡಿಸಲಾಗದ ಹಾಗೆ ಕಲಸಿಹೋಗಿದ್ದವು. ಅವಳು ಅವನ್ನು ಬಿಡಿಸಲು ಹೋಗಲಿಲ್ಲ.

ಒಂದು ಊರಿನ ಹೊರಗೆ ರಾಗಿ ಕಣದಲ್ಲಿ ಮುದುಕಿಯೊಬ್ಬಳು ತೂರುತ್ತಿದ್ದಳು. ಬೆನ್ನಿನ ಮೂಟೆಗಳನ್ನು ನೋಡಿ ಮೊರ ಕೆಳಗಿಟ್ಟಳು.

"ಎಲ್ಲಿಗವ್ವಾ, ಊರ್ ಬಿಟ್ಟು ಹೊಂಟಿದ್ದೀರಾ?"

"ಇಲ್ಲಮ್ಮ, ಬೆಟ್ಟ ಹತ್ತಾಕೆ."

"ಹರಕೆಯಾ?"

"ಹರಕೆ ಏನಿಲ್ಲ. ಸುಮ್ಕೆ."

"ಸುಮ್ಕೆ ಯಾರಾದ್ರೂ ಬೆಟ್ಟ ಹತ್ತಾರೇನೇ?" ಎಂದು ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ಅವಳ ಹೆಸರು ಮುತ್ಯಾಲಮ್ಮ. ಇಬ್ಬರನ್ನೂ ಕೂರಿಸಿ, ಹಿತುಕಿದ ಬೇಳೆಯ ಸಾರಿನ ಜೊತೆ ಮುದ್ದೆ ಕೊಟ್ಟಳು. ಹೊರಡುವಾಗ ಸೊಣ್ಣಮ್ಮನ ಕೈ ಹಿಡಿದು, "ಹುಲುಕುಡಿ ನಂಗೆ ಹುಟ್ಟಿದಾಗಿಂದ ಕಾಣುತ್ತೆ. ಅದರ ಮೇಲಿಂದ ನಮ್ಮೂರು ಹೆಂಗೆ ಕಾಣುತ್ತೋ ಕಂಡಿಲ್ಲ. ನೀ ನೋಡ್ಬಿಡವ್ವ," ಅಂದಳು.

ಆ ರಾತ್ರಿ ಒಂದು ಗುಡಿಯ ಹಿಂದಿನ ಬಯಲಲ್ಲಿ ಹಳದಿ ಟೆಂಟು ಹಾಕಿದರು. ಮೈ ನೋಯುತ್ತಿತ್ತು. ಕಿವಿಯೊಳಗೆ ಟಕಟಕ ನಡೆದೇ ಇತ್ತು. ಆದರೆ ಟೆಂಟಿನ ಬಟ್ಟೆಯ ಮೇಲೆ ಮಂಜು ಬೀಳುವ ಸದ್ದೂ ಅದರೊಳಗೆ ಎಲ್ಲೋ ಸಣ್ಣಗೆ ಸೇರಿಕೊಂಡಂತಿತ್ತು.

ಮಾರನೆಯ ಬೆಳಗ್ಗೆ ಹುಲುಕುಡಿ ನೀಲಿ ಬಿಟ್ಟು ಹಸಿರಾಯಿತು, ಹಸಿರು ಬಿಟ್ಟು ಬೂದಿಯಾಯಿತು, ಕೊನೆಗೆ ಇವರ ಮುಂದೆ ಬರೀ ಕಲ್ಲಾಗಿ ನಿಂತಿತು. ಅರ್ಧ ದಾರಿಯವರೆಗೆ ಮೆಟ್ಟಿಲು, ಅಲ್ಲಿ ಗವಿಯೊಳಗೆ ವೀರಭದ್ರಸ್ವಾಮಿ. ಕೈಮುಗಿದು ಮುಂದೆ ಹೋದರೆ ಮೆಟ್ಟಿಲು ಮುಗಿದು ಬರೀ ಬಂಡೆ. ಯಾವ ಕಾಲದವರೋ ಉಳಿಯಿಂದ ಕೊರೆದ ಅಂಗಾಲಿನಗಲದ ಗುಳಿಗಳಲ್ಲಿ ಕಾಲಿಟ್ಟು ಏರಬೇಕು. ಹಿಡಿಯಲು ಕಂಬಿಯಿಲ್ಲ.

ಸೊಣ್ಣಮ್ಮ ಮುಂದೆ ಇದ್ದಳು. ನಾಲ್ಕಾರು ಗುಳಿ ಏರಿ ಹಿಂತಿರುಗಿದರೆ ಗಂಡ ಬಂಡೆಗೆ ಎದೆ ಕೊಟ್ಟು ಅಂಟಿಕೊಂಡಿದ್ದಾನೆ. ಮುಖದಲ್ಲಿ ರಕ್ತವಿಲ್ಲ. ಬಲಗಾಲು ಅದರ ಪಾಡಿಗೆ ಅದು ಗಡಗಡ ಅದುರುತ್ತಿದೆ.

"ಏನಾಯ್ತು ರೀ?"

"ಆಗ್ತಿಲ್ಲ ಕಣೇ." ಅವನ ದನಿ ಮಗುವಿನದಾಗಿತ್ತು. "ಈ ಕಾಲು ಬ್ರೇಕ್ ಹುಡುಕ್ತಾ ಇದೆ."

ಅವಳಿಗೆ ನಗು ಬಂತು, ಹೆದರಿಕೆಯೂ ಬಂತು. ಎಂಥ ಮಳೆಯಲ್ಲೂ ತುಂಬಿದ ಬಸ್ಸು ಓಡಿಸಿದವನು, ಯಾವತ್ತೂ ಹೆದರಿದೆ ಎಂದವನಲ್ಲ. ಅವಳು ಇಳಿದು ಬಂದು, ಅವನ ಬೆನ್ನಿಗೆ ಕೈಕೊಟ್ಟು ಕೆಳಗಿನ ಮಟ್ಟಸ ಜಾಗಕ್ಕೆ ತಂದು ಕೂರಿಸಿದಳು. ನೀರು ಕುಡಿಸಿದಳು.

"ಸಾಕು ಬಿಡಿ. ಇಲ್ಲಿವರೆಗೂ ಬಂದ್ವಲ್ಲ. ಇಳಿದುಬಿಡಾಣ."

ವೆಂಕಟರಾಮಪ್ಪ ತಲೆಯಾಡಿಸಿದ. "ನೀನ್ ಹೋಗ್ ಬಾ. ನಿಂಗೆ ಆಗುತ್ತೆ. ನಾನ್ ನೋಡ್ದೆ, ನೀನ್ ಹತ್ತೋದು ಬೇರೆ ಥರ. ಹೋಗಿ ಏನೇನಿದೆ ನೋಡ್ಕೊಂಡು ಬಂದು ಹೇಳು."

"ಒಬ್ಬಳೇನಾ?"

"ಮ್ಯಾಲೆ ಯಾರಿದ್ದಾರೆ ನಿನ್ನ ತಿನ್ನಾಕೆ?"

ಶೂ ಬಿಚ್ಚಿ ಅವನ ಪಕ್ಕ ಇಟ್ಟು, ಬರಿಗಾಲಲ್ಲಿ ಅವಳು ಏರಿದಳು. ಬಂಡೆ ಬಿಸಿಲಿಗೆ ಬೆಚ್ಚಗಾಗಿತ್ತು, ದನದ ಮೈ ಮುಟ್ಟಿದ ಹಾಗೆ. ಗುಳಿಗಳು ಅವಳ ಕಾಲಿಗೇ ಅಳತೆ ಮಾಡಿ ಕೊರೆದಂತಿದ್ದವು. ಇನ್ನೊಂದು ಗುಳಿ, ಇನ್ನೊಂದು ಗುಳಿ ಎಂದುಕೊಳ್ಳುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಮುಂದೆ ಗುಳಿಯೇ ಸಿಗಲಿಲ್ಲ. ತಲೆ ಎತ್ತಿದಳು. ಬೆಟ್ಟ ಮುಗಿದಿತ್ತು.

ಮೇಲೆ ಕಲ್ಲುಹಾಸಿನ ನಡುವೆ ಒಂದು ದೊಣೆ. ಅದರಲ್ಲಿ ಮಳೆಗಾಲದ ನೀರು, ನೀರಿನಲ್ಲಿ ಒಂದೇ ಒಂದು ಬಿಳಿ ಮೋಡ. ಸುತ್ತ ಎಲ್ಲಿ ನೋಡಿದರೂ ಬಯಲು. ಮುತ್ಯಾಲಮ್ಮನ ಊರು ಯಾವುದೆಂದು ಹುಡುಕಿದಳು. ಕಣದ ಹಳದಿ ಚುಕ್ಕೆಯೊಂದು ಕಂಡಿತು, ಅದೇ ಇರಬೇಕು. ಊರೆಂದರೆ ಕೈಲಿ ಹಿಡಿದ ರಾಗಿಯಷ್ಟೇ ಇತ್ತು. ಅದಕ್ಕೂ ಒಮ್ಮೆ ಕೈಮುಗಿದಳು.

ಆಮೇಲೆ ಬಂಡೆಯ ಮೇಲೆ ಸುಮ್ಮನೆ ಬೆನ್ನು ಹಾಕಿದಳು. ಒಂದು ಗಳಿಗೆ ಅಂದುಕೊಂಡಿದ್ದಳು. ಬಂಡೆಯ ಬಿಸಿ ಮೆಲ್ಲಗೆ ಬೆನ್ನೊಳಗೆ ಇಳಿಯಿತು. ಒಂದು ಹದ್ದು ಮೇಲೆ ಸುತ್ತುತ್ತಿತ್ತು, ರೆಕ್ಕೆ ಆಡಿಸದೆ. ಅದು ಸುತ್ತಿದಂತೆಲ್ಲ ಬೆಟ್ಟವೂ ತನ್ನನ್ನು ಹೊತ್ತು ಮೆಲ್ಲಗೆ ಸುತ್ತುತ್ತಿದೆ ಅನ್ನಿಸಿತು. ಶಿವಗಂಗೆಯಿಂದ ಒಂದು ನೂಲು ಹೊರಟು ತನ್ನ ಮೇಲೆ ಹಾದು ಮಾಕಳಿಗೆ ಹೋಗುತ್ತಿತ್ತು. ಅಲ್ಲಿಂದ ಇನ್ನೊಂದು ಬರುತ್ತಿತ್ತು. ಯಾರೋ ಬಯಲಿನಗಲದ ಹಾಸು ಹೂಡುತ್ತಿದ್ದರು. ಮಗ್ಗ ಮಾತ್ರ ಎಲ್ಲೂ ಇರಲಿಲ್ಲ. ಅವಳಿಗೆ ನಿದ್ದೆ ಹತ್ತಿತು. ದೀಪಾವಳಿಯಿಂದ ಬಾಕಿಯಿದ್ದ ನಿದ್ದೆಯೆಲ್ಲ ಒಟ್ಟಿಗೇ ಬಂದ ಹಾಗೆ ಮಲಗಿಬಿಟ್ಟಳು.

ಎಚ್ಚರವಾದಾಗ ಯಾರೋ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು. ಕಣ್ಣು ಬಿಟ್ಟರೆ ವೆಂಕಟರಾಮಪ್ಪ. ಮೊಣಕಾಲ ಬಳಿ ಪ್ಯಾಂಟು ಹರಿದಿದೆ, ಅಂಗೈ ತರಚಿದೆ, ಮುಖವೆಲ್ಲ ಬೆವರು. ಬಿಸಿಲು ಆಗಲೇ ವಾರೆಯಾಗಿತ್ತು.

"ಎಷ್ಟ್ ಕೂಗ್ದೆ ಗೊತ್ತೇನೇ? ಗಂಟಲು ಹರ್ಕೊಂಡು ಕೂಗ್ದೆ! ಒಂದು ಮಾತಿಗಾದ್ರೂ ಓ ಅನ್ನಬಾರದಾ? ಜಾರಿ ಬಿದ್ದಿದ್ದಾಳೆ ಅಂದ್ಕೊಂಡೆ ನಾನು..." ಮಾತು ಮುಗಿಸಲಾಗದೆ ಅವನು ಕಲ್ಲಿನ ಮೇಲೆ ಕುಸಿದು ಕೂತ. ಭುಜಗಳು ಅಲ್ಲಾಡತೊಡಗಿದವು.

ಮದುವೆಯಾದ ಮೇಲೆ ಅವನು ಅತ್ತದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಎದ್ದು ಹತ್ತಿರ ಹೋಗಿ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

"ಮಲ್ಕೊಂಡ್ಬಿಟ್ಟಿದ್ದೆ ರೀ."

"ಇಲ್ಲಿ?"

"ಹೂಂ. ಕನಸು ಕೂಡ ಬಿತ್ತು."

ಅವನು ಮೂಗು ಒರೆಸಿಕೊಂಡು ಸುತ್ತ ನೋಡಿದ. ಆಗಲೇ ಅವನಿಗೆ ತಾನು ಎಲ್ಲಿದ್ದೇನೆಂದು ಹೊಳೆದದ್ದು. ಏರಿದ ಬಂಡೆಯ ಕಡೆ ನೋಡಿದ, ಕೆಳಗಿನ ಬಯಲ ಕಡೆ ನೋಡಿದ, ತನ್ನ ಎರಡೂ ಅಂಗೈ ನೋಡಿಕೊಂಡ.

"ಬಂದ್ಬಿಟ್ಟೆ ಕಣೇ ನಾನು!"

ಆಗ ಸೊಣ್ಣಮ್ಮ "ಶ್!" ಎಂದು ಅವನ ತೋಳು ಹಿಡಿದಳು. ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು. ದೊಣೆಯ ಅಂಚಿನ ಒಣಹುಲ್ಲಿನಲ್ಲಿ ಗಾಳಿ ಸರಿಯುತ್ತಿತ್ತು. ತುಂಬ ಕೆಳಗೆ ಎಲ್ಲೋ ಕರು ಕೂಗುತ್ತಿತ್ತು. ಗಂಡನ ಏದುಸಿರು. ಅಷ್ಟೇ. ಟಕಟಕ ಇರಲಿಲ್ಲ.

"ಹೋಯ್ತು," ಎಂದಳು. ಅವಳ ದನಿ ಅವಳಿಗೇ ಹೊಸದಾಗಿ, ಮೆತ್ತಗೆ ಕೇಳಿಸಿತು.

ಇಳಿಯುವಾಗ ಅವಳು ಕೆಳಗೆ, ಅವನು ಮೇಲೆ. ಪ್ರತಿ ಗುಳಿಯಲ್ಲೂ ಅವನ ಪಾದವನ್ನು ಎರಡೂ ಕೈಲಿ ಹಿಡಿದು ಅವಳೇ ಇಟ್ಟಳು. "ಇಲ್ಲಿ ಇಡಿ... ಹಾಂ, ಭಾರ ಬಿಡಿ... ಈಗ ಇನ್ನೊಂದು." ಅವನು ಕಣ್ಣು ಮುಚ್ಚಿಕೊಂಡೇ ಇಳಿದ.

ಹುಲುಕುಡಿಯಿಂದ ಮಾಕಳಿದುರ್ಗದ ಕಡೆ ನಡೆಯುವಾಗ ಅವಳಿಗೆ ಲೋಕದ ಸದ್ದುಗಳನ್ನೆಲ್ಲ ಯಾರೋ ತೊಳೆದಿಟ್ಟಂತಿತ್ತು. ಕೆರೆಯ ಏರಿಯ ಮೇಲೆ ತಮ್ಮದೇ ಹೆಜ್ಜೆಯ ಸದ್ದು. ನೀರಿನಲ್ಲಿ ಬಾತುಗಳು ಮುಳುಗಿ ಏಳುವ ಸದ್ದು. ಮೆಕ್ಕೆಜೋಳದ ಒಣಗಿದ ಗರಿಗಳು ಒಂದಕ್ಕೊಂದು ಉಜ್ಜುವುದು, ತೋಟದ ಪಂಪ್‌ಸೆಟ್ಟು ಕೆಮ್ಮಿ ಶುರುವಾಗುವುದು, ದ್ರಾಕ್ಷಿ ಚಪ್ಪರದಡಿ ಯಾರೋ ಹೆಂಗಸರು ತೆಲುಗಿನಲ್ಲಿ ಹಾಡಿಕೊಳ್ಳುವುದು, ಎಲ್ಲ ಬೇರೆ ಬೇರೆಯಾಗಿ ಬಂದು ಕಿವಿಯಲ್ಲಿ ಕೂರುತ್ತಿದ್ದವು. ಅವಳು ಕಡಿಮೆ ಮಾತಾಡಿದಳು. ಆಡಿದಾಗಲೂ ದನಿ ತಗ್ಗಿಸಿ ಆಡಿದಳು. ವೆಂಕಟರಾಮಪ್ಪ ಎರಡೆರಡು ಸಲ "ಆಂ?" ಎಂದು ಕೇಳಬೇಕಾಯಿತು.

ಆದರೆ ಅವನ ಮೊಣಕಾಲು ಊದತೊಡಗಿತ್ತು. ಹುಲುಕುಡಿಯ ಬಂಡೆಯಲ್ಲಿ ತಗುಲಿಸಿಕೊಂಡ ಪೆಟ್ಟು. ಅವನು ಅದನ್ನು ಹೇಳದೆ, ಊರುಗೋಲಿನ ಮೇಲೆ ಭಾರ ಬಿಟ್ಟು ಮಾಕಳಿದುರ್ಗವನ್ನೂ ಹತ್ತಿದ. ದಾರಿಯಲ್ಲಿ ಬೆಂಗಳೂರಿನಿಂದ ಬಂದ ಇಬ್ಬರು ಹುಡುಗಿಯರು ಜೊತೆಯಾದರು. ಸಿಂಚನ, ಅಕ್ಷತ ಎಂದು ಹೆಸರು. ಇಬ್ಬರೂ ದೇವನಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುವವರು.

"ಆಂಟಿ, ಸೀರೇಲೇ ಟ್ರೆಕ್ಕಾ? ಸೂಪರ್ ನೀವು!" ಎಂದಳು ಸಿಂಚನ.

"ಒಳಗೆ ಪ್ಯಾಂಟೈತಮ್ಮ," ಎಂದು ಸೊಣ್ಣಮ್ಮ ಗುಟ್ಟು ಹೇಳಿದಂತೆ ಹೇಳಿದ್ದಕ್ಕೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಶಿವಗಂಗೆಯಿಂದ ನಡೆದೇ ಬಂದದ್ದೆಂದು ತಿಳಿದಾಗ ಮಾತ್ರ ಅವರ ನಗು ನಿಂತು ಕಣ್ಣು ಅರಳಿತು.

ಮಾಕಳಿಯ ನೆತ್ತಿಯಲ್ಲಿ ಮುರಿದ ಕೋಟೆ, ಕಲ್ಲಿನ ಬಸವ, ಸಂಜೆಯ ಬಿಸಿಲು. ಕೆಳಗೆ ಕಣಿವೆಯಲ್ಲಿ ರೈಲುಹಳಿ ಬಳುಕಿಕೊಂಡು ಹೋಗಿತ್ತು. ನೋಡುತ್ತಿದ್ದಂತೆ ಒಂದು ರೈಲು ಬಂತು. ಎಷ್ಟು ನಿಧಾನಕ್ಕೆ ಬಂತೆಂದರೆ ಅದಕ್ಕೆ ಎಲ್ಲಿಗೂ ಹೋಗುವ ಆತುರವಿಲ್ಲ, ಬೆಟ್ಟದ ಬುಡವನ್ನು ಒಮ್ಮೆ ಸವರಿ ಹೋಗಲೆಂದೇ ಬಂದದ್ದು ಅನ್ನಿಸಿತು. ಅದು ಹೋದ ಮೇಲೂ ಅದರ ಕೂಗು ಬಂಡೆಗಳ ಸಂದಿನಲ್ಲಿ ಬಹಳ ಹೊತ್ತು ಉಳಿಯಿತು.

ಕೆಳಗಿಳಿದು ಊರಿನ ಹೋಟೆಲಿನ ಬೆಂಚಿನ ಮೇಲೆ ಕೂತಾಗ ವೆಂಕಟರಾಮಪ್ಪನ ಮೊಣಕಾಲು ತೆಂಗಿನಕಾಯಿಯಷ್ಟಾಗಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ನಂದು ಇಲ್ಲಿಗೇ ಮುಗೀತು ಕಣೇ. ಈಗ ಬಸ್ಸೈತೆ. ಕತ್ತಲಾಗೋದರೊಳಗೆ ಮನೆ."

ಸೊಣ್ಣಮ್ಮ ಚೀಲಕ್ಕೆ ಕೈಹಾಕಿದಳು, ಹೊರಡಲು. ಆದರೆ ಕಣ್ಣು ಪೂರ್ವಕ್ಕೆ ಹೋಯಿತು. ನಂದಿಯ ಸಾಲಿನಲ್ಲಿ ಚನ್ನಗಿರಿ ಸಂಜೆಗೆ ನೇರಳೆಯಾಗುತ್ತಿತ್ತು. ನೋಡುತ್ತಾ ನಿಂತಳು. ಆ ನೋಟವನ್ನು ಅವಳ ಗಂಡನೂ ನೋಡಿದ, ಚಹಾ ಲೋಟ ಹಿಡಿದ ಹುಡುಗಿಯರೂ ನೋಡಿದರು.

"ಆಂಟಿ, ನಾವು ಇವತ್ತು ಚನ್ನಗಿರಿ ಕೆಳಗಿನ ಊರಲ್ಲಿ ಇರ್ತೀವಿ. ಅಂಜಿನಮ್ಮ ಅಂತ, ನಮ್ ಸ್ಟೂಡೆಂಟ್ ಒಬ್ಬಳ ಅಜ್ಜಿ, ಅವರ ಮನೆ. ಬೆಳಗ್ಗೆ ಎದ್ದು ಹತ್ತೋದು. ನೀವೂ ಬನ್ನಿ," ಎಂದಳು ಅಕ್ಷತ.

"ಅಯ್ಯೋ, ಇವರಿಗೆ ಕಾಲು..."

"ನನ್ ಕಾಲಿಗೆ ನೀನೇನ್ ಮಾಡ್ತೀಯ?" ವೆಂಕಟರಾಮಪ್ಪ ನಡುವೆ ಬಾಯಿಹಾಕಿದ. "ರಂಜಿತಂಗೆ ಫೋನ್ ಮಾಡಿದ್ರೆ ಸ್ಟ್ಯಾಂಡಿಗೇ ಬರ್ತಾಳೆ. ಎಣ್ಣೆ ಹಚ್ಚಿ ಮಲಗ್ತೀನಿ."

"ನೀವಿಲ್ದೆ ನಾನು ಎಲ್ಲೂ ಹೋಗಿಲ್ಲ ರೀ."

"ಮೊನ್ನೆ ಹೋದ್ಯಲ್ಲ. ಮ್ಯಾಲೆ ಹೋಗಿ ಗೊರಕೆ ಹೊಡೀತಾ ಮಲಗಿರ್ಲಿಲ್ವಾ?"

ಹುಡುಗಿಯರಿಗೆ ಅರ್ಥವಾಗದಿದ್ದರೂ ನಕ್ಕರು. ಸೊಣ್ಣಮ್ಮ ನಗಲಿಲ್ಲ. ಅವಳೊಳಗೆ ಏನೋ ತೂಗಾಡುತ್ತಿತ್ತು. ತವರಿನಿಂದ ಗಂಡನ ಮನೆ, ಮನೆಯಿಂದ ಶೆಡ್ಡು, ಶೆಡ್ಡಿನಿಂದ ಮನೆ. ಒಬ್ಬಳೇ ತನಗಾಗಿ ಎಲ್ಲಿಗಾದರೂ ಹೊರಟದ್ದು ನೆನಪಿರಲಿಲ್ಲ. ಬಸ್ಸು ಬಂತು. ವೆಂಕಟರಾಮಪ್ಪ ತನ್ನ ಉಣ್ಣೆಯ ಟೋಪಿ ಬಿಚ್ಚಿ ಅವಳ ತಲೆಗೆ ಹಾಕಿ, ಕಿವಿ ಮುಚ್ಚುವಂತೆ ಎಳೆದ.

"ಚಳಿ ಇರುತ್ತೆ ಮ್ಯಾಲೆ," ಎಂದ. ಕುಂಟುತ್ತ ಬಸ್ಸು ಹತ್ತಿದ.

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ನಿಂತಿದ್ದಳು. ಆಮೇಲೆ ಚೀಲ ಬೆನ್ನಿಗೇರಿಸಿ, "ನಡೀರಮ್ಮ," ಎಂದಳು.

ಕತ್ತಲಾದ ಮೇಲೆ ತಲುಪಿದ ಅಂಜಿನಮ್ಮನ ಮನೆಯಲ್ಲಿ ಬಿಸಿನೀರು ಸಿಕ್ಕಿತು, ಹುರುಳಿ ಸಾರು ಸಿಕ್ಕಿತು, ಕಂಬಳಿ ಸಿಕ್ಕಿತು. ಕಿವಿಯಲ್ಲಿ ಏನೂ ಇಲ್ಲದ ನಿದ್ದೆ ಸಿಕ್ಕಿತು. ಬೆಳಗಿನ ಜಾವ ಎದ್ದು ಹೊರಟಾಗ ಊರೇ ಇರಲಿಲ್ಲ. ಮಂಜು ಎಲ್ಲವನ್ನೂ ನುಂಗಿತ್ತು. ಅಂಗಳದ ತುಳಸಿಕಟ್ಟೆ ಇತ್ತು, ಅದರಾಚೆಯದು ಏನೂ ಇರಲಿಲ್ಲ. ಸಿಂಚನಳ ಟಾರ್ಚಿನ ಬೆಳಕು ಮುಂದೆ ಹಾಲಿನಲ್ಲಿ ಬೆರಳಾಡಿಸಿದ ಹಾಗೆ ಆಡುತ್ತಿತ್ತು. ನೀಲಗಿರಿ ಮರಗಳು ಒಂದೊಂದಾಗಿ ಹತ್ತಿರ ಬಂದು, ಮುಖ ನೋಡಿ, ಹಿಂದೆ ಸರಿದು ಹೋಗುತ್ತಿದ್ದವು. ಏರು ಶುರುವಾದದ್ದು ಕಣ್ಣಿಗೆ ತಿಳಿಯಲಿಲ್ಲ, ಮೀನಖಂಡಕ್ಕೆ ತಿಳಿಯಿತು.

ಒಂದು ಕಡೆ ಹುಡುಗಿಯರು ಉಸಿರಿಗಾಗಿ ನಿಂತರು. ಸೊಣ್ಣಮ್ಮ ನಿಲ್ಲಲಿಲ್ಲ. ನಿಂತರೆ ಈ ನಡಿಗೆ ಮುಗಿದುಬಿಡುತ್ತದೇನೋ ಎಂಬ ಆತಂಕ. "ಮುಂದೆ ಇರ್ತೀನಿ," ಎಂದು ಹೇಳಿ ಏರುತ್ತ ಹೋದಳು. ಹುಲ್ಲಿನ ತುದಿಯ ಹನಿಗಳು ಸೀರೆಯ ಅಂಚನ್ನು ಪೂರ್ತಿ ನೆನೆಸಿದ್ದವು. ಬಿಳಿ ಬರಬರುತ್ತ ತೆಳುವಾಯಿತು. ಅದರೊಳಗೆ ಮೊದಲು ಹಳದಿ ಸೇರಿತು, ಆಮೇಲೆ ಗುಲಾಬಿ. ಬಂಡೆಯೊಂದನ್ನು ಕೈಯೂರಿ ಹತ್ತಿ ನಿಂತವಳಿಗೆ ತಲೆ ಮೋಡದಿಂದ ಹೊರಗೆ ಬಂತು, ಆಮೇಲೆ ಭುಜ, ಆಮೇಲೆ ಮೈ.

ಕೆಳಗೆ ಲೋಕವಿರಲಿಲ್ಲ. ಬಿಳಿಯ ಒಂದು ಸಮುದ್ರ ಸದ್ದಿಲ್ಲದೆ ಹರಡಿತ್ತು. ನಂದಿಯ ನೆತ್ತಿ ಒಂದು ದ್ವೀಪವಾಗಿತ್ತು. ದೂರದಲ್ಲಿ ಇನ್ನೊಂದು, ಮತ್ತೊಂದು. ಮಾಕಳಿ ಯಾವುದು, ಹುಲುಕುಡಿ ಯಾವುದು? ಎಲ್ಲವೂ ಒಂದೇ ಹಿಂಡಿನ ದನಗಳು ನೀರು ದಾಟುವಾಗ ಬೆನ್ನು ಮಾತ್ರ ಕಾಣುವ ಹಾಗೆ ಕಾಣುತ್ತಿದ್ದವು. ಸೂರ್ಯ ಹುಟ್ಟಿದ್ದ. ಅವಳ ನೆರಳು ಉದ್ದಕ್ಕೆ ಮೋಡದ ಮೇಲೆ ಬಿದ್ದು, ಬೆನ್ನಿನ ಚೀಲವೂ ಸೇರಿ, ಯಾವುದೋ ದೊಡ್ಡ ಹಕ್ಕಿಯ ನೆರಳಿನಂತೆ ಇತ್ತು. ಕೈ ಎತ್ತಿದಳು. ಹಕ್ಕಿಯೂ ರೆಕ್ಕೆ ಎತ್ತಿತು. ಐವತ್ತು ದಾಟಿದ ಹೆಂಗಸು, ಯಾರೂ ನೋಡುತ್ತಿಲ್ಲವೆಂದು, ಮತ್ತೆ ಮತ್ತೆ ಕೈ ಎತ್ತಿ ಇಳಿಸಿದಳು.

ಸೆರಗಿನ ಗಂಟಿನಲ್ಲಿದ್ದ ಫೋನು ನಡುಗಿತು. ವೆಂಕಟರಾಮಪ್ಪ.

"ಎಲ್ಲಿದ್ದೀಯೇ?"

"ಬಂದ್ಬಿಟ್ಟೆ. ಮ್ಯಾಲಿದ್ದೀನಿ. ನೀವ್?"

"ಮಾಳಿಗೆ ಮೇಲೆ. ರಂಜಿತ ಬೈದ್ಲು, ಆದ್ರೂ ಹತ್ತಿ ಬಂದೆ, ನೀನು ಕಾಣ್ತೀಯೇನೋ ಅಂತ. ಏನೂ ಕಾಣಲ್ಲ ಕಣೇ. ಬರೀ ಬಿಳಿ. ಮುಂದಿನ ಮನೆ ಟ್ಯಾಂಕೂ ಕಾಣಲ್ಲ."

"ನಂಗೂ ಊರು ಕಾಣ್ತಿಲ್ಲ. ಆ ಬಿಳಿ ಮ್ಯಾಲೆ ನಿಂತಿದ್ದೀನಿ ನಾನು."

ಆ ಕಡೆ ಅವನ ಉಸಿರು, ಓಣಿಯಲ್ಲಿ ಯಾರೋ ಬಾಗಿಲಿಗೆ ನೀರು ಹಾಕುವ ಸದ್ದು ಸ್ಪಷ್ಟವಾಗಿ ಕೇಳಿಸಿತು.

"ಹೆಂಗಿದೆ ಹೇಳೇ."

ಸೊಣ್ಣಮ್ಮ ಬಾಯಿ ತೆರೆದಳು. ಹೇಳಬೇಕಾದದ್ದು ತುಂಬ ಇತ್ತು. ಹಿಂದೆ ಮಂಜಿನೊಳಗಿಂದ ಹುಡುಗಿಯರ ನಗು, "ಆಂಟೀ..." ಎಂಬ ಕೂಗು ಮೇಲೇರಿ ಬರುತ್ತಿತ್ತು.

"ಸಂಜೆ ಬಂದು ಹೇಳ್ತೀನಿ ರೀ," ಎಂದಳು. "ಇನ್ನೊಂದ್ ಸ್ವಲ್ಪ ಹೊತ್ತು ಇದ್ದು ಬರ್ತೀನಿ."

"ಇರು, ಇರು. ಆತುರ ಏನಿದೆ," ಎಂದ ಅವನು.

ಫೋನು ಇಟ್ಟು, ಚೀಲ ಇಳಿಸಿ, ಅವಳು ಬಂಡೆಯ ಅಂಚಿನಲ್ಲಿ ಮೋಡದೊಳಗೆ ಕಾಲು ಇಳಿಬಿಟ್ಟು ಕೂತಳು.